ತೋರುವುದೂ ಇರುವುದೂ

ಮನೆವಾರ್ತೆ

ಮಲೆನಾಡಿನ ಗೃಹಸ್ಥರು ಮಳೆಗಾಲವನ್ನು ಎದುರುಗೊಳ್ಳುವ ಕ್ರಮವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಮೊದಲ ಮಳೆ ಬೀಳುವುದಕ್ಕೆ ಮುಂಚೆಯೇ ಸೌದೆಯು ಕೊಟ್ಟಿಗೆಯನ್ನು ಸೇರುವುದು. ಉಪ್ಪು, ಬೆಲ್ಲ, ಮೆಣಸಿನಕಾಯಿಗಳು ಉಗ್ರಾಣವನ್ನು ಸೇರುವುವು. ಹಪ್ಪಳ ಸಂಡಿಗೆಗಳು ಒಣಗಿ ಡಬ್ಬಿಯೊಳಗೆ ಕುಳಿತುಕೊಳ್ಳುವುವು. ಪೇಟೆಯಲ್ಲಿ ಈ ಪದಾರ್ಥಗಳು ಸಿಕ್ಕುವುದಿಲ್ಲವೆಂದು ಹೀಗೆ ಮಾಡುವುದಲ್ಲ. ಹೊಳೆ ತುಂಬಿದ ದಿನ ಪೇಟೆಯು ಇದ್ದರೂ ನಮ್ಮ ಪಾಲಿಗೆ ಇಲ್ಲದಂತೆಯೇ ಎಂಬುದನ್ನು ಹಿರಿಯರು ಅನುಭವದಿಂದ ತಿಳಿದಿದ್ದರು. ಈ ತಿಳಿವಳಿಕೆಯನ್ನು ನಾವು ಅಡಿಗೆಯ ಮನೆಯಲ್ಲಿ ಇನ್ನೂ ಉಳಿಸಿಕೊಂಡಿದ್ದೇವೆ; ಕೈಯಲ್ಲಿ ಹಿಡಿದ ಮೊಬೈಲು ಫೋನಿನ ವಿಷಯದಲ್ಲಿ ಮಾತ್ರ ಪೂರ್ಣವಾಗಿ ಮರೆತಿದ್ದೇವೆ. ಈ ಮರೆವಿನ ಬೆಲೆ ಏನೆಂಬುದು ನಮಗೆ ಕಳೆದ ಆಷಾಢದಲ್ಲಿ ತಿಳಿದುಬಂದಿತು. ಅದನ್ನು ವಾಚಕರ ಮುಂದಿಡುವುದರಿಂದ ಒಂದೆರಡು ಮನೆಗಳಿಗಾದರೂ ಉಪಕಾರವಾದೀತೆಂದು ಈ ತಿಂಗಳು ಇದೇ ವಿಷಯವನ್ನು ತೆಗೆದುಕೊಂಡಿದ್ದೇವೆ.

ಆಗ ನಾವು ತೀರ್ಥಹಳ್ಳಿಯ ಕಡೆಯ ಹಳ್ಳಿಯೊಂದರಲ್ಲಿರುವ ಅಣ್ಣನವರ ಮನೆಗೆ ಹೋಗಿದ್ದೆವು. ಎಂಬತ್ತು ದಾಟಿದ ನಮ್ಮ ಸೋದರತ್ತೆಯವರು ಅಲ್ಲಿಯೇ ಇದ್ದಾರೆ. ಬಿಡದೆ ಮಳೆ ಹೊಯ್ಯುತ್ತಿದ್ದ ಒಂದು ಸಂಜೆ ಅವರು ಬಚ್ಚಲ ಮನೆಯಲ್ಲಿ ಕಾಲು ಜಾರಿ ಬಿದ್ದರು, ಹಣೆ ಒಡೆಯಿತು. ಗಾಯವು ದೊಡ್ಡದಲ್ಲವಾದರೂ ರಕ್ತವು ನಿಲ್ಲಲೊಲ್ಲದು. ಬಟ್ಟೆಯೊತ್ತಿ ಹಿಡಿದು, ಹೇಗೋ ಕಾರಿನಲ್ಲಿ ಕುಳ್ಳಿರಿಸಿ, ಹತ್ತಿರದ ವೈದ್ಯರಲ್ಲಿಗೆ ಕರೆದೊಯ್ದೆವು. ವೈದ್ಯರು ಗಾಯವನ್ನು ನೋಡುತ್ತಲೇ ಕೇಳಿದ ಮೊದಲ ಪ್ರಶ್ನೆ ಇದು: “ಅಜ್ಜಿಯವರು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಾರೆಯೆ? ಯಾವುದು, ಎಷ್ಟು?”

ಪ್ರಶ್ನೆಯನ್ನು ಕೇಳಿ ನಮಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಆಯಿತು. ಏಕೆಂದರೆ ಅತ್ತೆಯವರ ಔಷಧದ ಚೀಟಿಗಳು, ಹೃದಯಪರೀಕ್ಷೆಯ ವರದಿಗಳು ಎಲ್ಲವನ್ನೂ ನಾವೇ ಚಿತ್ರ ತೆಗೆದು, ಹೆಸರು ಬರೆದು, ಒಂದೇ ಕಟ್ಟಿನಲ್ಲಿ ಇಟ್ಟಿದ್ದೆವು. ಮೊಬೈಲನ್ನು ತೆಗೆದೆವು. ಕಟ್ಟು ಕಾಣಿಸಿತು, ಒಳಗಿನ ಹೆಸರುಗಳೂ ಕಾಣಿಸಿದುವು, ಪ್ರತಿಯೊಂದು ಹೆಸರಿನ ಪಕ್ಕದಲ್ಲಿ ಉಗುರಿನಷ್ಟು ಚಿತ್ರವೂ ಕಾಣಿಸಿತು. ಚೀಟಿಯನ್ನು ಮುಟ್ಟಿದೊಡನೆ ಒಂದು ಚಕ್ರವು ತಿರುಗಲಾರಂಭಿಸಿ, ತಿರುಗುತ್ತಲೇ ಇದ್ದಿತು. ಮಧ್ಯಾಹ್ನದಿಂದ ವಿದ್ಯುತ್ತು ಹೋಗಿ ಗೋಪುರವು ಸತ್ತಿದೆಯೆಂದು ಪಕ್ಕದಲ್ಲಿದ್ದವರು ಹೇಳಿದರು. ಉಗುರಿನಷ್ಟು ಚಿತ್ರವನ್ನು ಹಿಗ್ಗಿಸಿ ನೋಡಿದರೆ ಅಕ್ಷರಗಳಿದ್ದ ಕಡೆ ಮಸಿ ಚೆಲ್ಲಿದಂತೆ ಕಂಡಿತೇ ಹೊರತು ಮಾತ್ರೆಯ ಹೆಸರೂ ತಿಳಿಯಲಿಲ್ಲ, ಪ್ರಮಾಣವೂ ತಿಳಿಯಲಿಲ್ಲ.

ನಾವು ಹೀಗೆ ಪರದಾಡುತ್ತಿರುವಾಗ ಅತ್ತಿಗೆಯವರು ತಮ್ಮ ಚೀಲದಿಂದ ಪಂಚಾಂಗವನ್ನು ತೆಗೆದು, ಅದರೊಳಗೆ ನಾಲ್ಕಾಗಿ ಮಡಚಿಟ್ಟಿದ್ದ ಒಂದು ಜೆರಾಕ್ಸ್ ಹಾಳೆಯನ್ನು ಬಿಡಿಸಿ, “ಇದು ನಡೆಯುತ್ತದೆಯೋ ನೋಡಿ, ಡಾಕ್ಟರೆ” ಎಂದರು. ಅದು ನಡೆಯಿತು. ಅತ್ತೆಯವರು ಈಗ ಕ್ಷೇಮವಾಗಿದ್ದಾರೆ. ಮನೆಗೆ ಹಿಂದಿರುಗುವಾಗ ಅತ್ತಿಗೆಯವರು ನಮ್ಮನ್ನು ಏನೂ ಅನ್ನಲಿಲ್ಲ. ಅನ್ನದೆ ಇದ್ದುದೇ ನಮಗೆ ಹೆಚ್ಚು ನಾಟಿತು.

ಯಂತ್ರದ ಮೇಲೆ ದೋಷ ಹೊರಿಸುವುದು ಸುಲಭ. ಆದರೆ ಯಂತ್ರವು ತನಗೆ ಹೇಳಿದಂತೆಯೇ ನಡೆದಿದ್ದಿತು. ಅದಕ್ಕೆ ಏನು ಹೇಳಲಾಗಿದೆಯೆಂಬುದನ್ನು ನಾವು ಒಮ್ಮೆಯೂ ನೋಡಿರಲಿಲ್ಲ. ಈ ಮರ್ಮವನ್ನು ಸ್ವಲ್ಪ ವಿವರಿಸುವುದು ಅವಶ್ಯ.

ಈಗಿನ ಫೋನುಗಳಲ್ಲಿಯೂ ಗಣಕಯಂತ್ರಗಳಲ್ಲಿಯೂ ನಾವು ಕಾಣುವ ಕಡತಗಳೆಲ್ಲ ಆ ಯಂತ್ರದೊಳಗೆ ಇರುವುವೆಂದು ತಿಳಿಯತಕ್ಕದ್ದಲ್ಲ. ಎಷ್ಟೋ ಕಡತಗಳು ದೂರದ ಯಾವುದೋ ಊರಿನ ದೊಡ್ಡ ಗಣಕಗಳಲ್ಲಿರುತ್ತವೆ. ನಮ್ಮಲ್ಲಿರುವುದು ಅವುಗಳ ಹೆಸರಿನ ಪಟ್ಟಿ ಮಾತ್ರ. ಕಡತವೊಂದನ್ನು ಬೇಡಿದಾಗ ತಂತ್ರಾಂಶವು ಮೊದಲು ಮನೆಯೊಳಗೆ ಹುಡುಕುವುದು. ಅಲ್ಲಿ ದೊರೆತರೆ ಆ ಕ್ಷಣವೇ ಎದುರಿಗಿಡುವುದು. ದೊರೆಯದಿದ್ದರೆ ದೂರದ ಗಣಕಕ್ಕೆ ಹೇಳಿಕಳುಹಿಸಿ, ತರಿಸಿ, ನಮ್ಮ ಕೈಗೆ ಕೊಡುವುದಲ್ಲದೆ ಒಂದು ಪ್ರತಿಯನ್ನು ತನ್ನ ಗೂಡಿನಲ್ಲಿ ಇಟ್ಟುಕೊಳ್ಳುವುದು. ಎರಡನೆಯ ಸಲ ಬೇಡಿದಾಗ ಗೂಡಿನಿಂದಲೇ ಕೊಡುವುದು. ಈ ಗೂಡಿಗೆ ‘ಕ್ಯಾಷ್’ ಎಂದು ಹೆಸರು. ಹಣಕ್ಕೂ ಇದಕ್ಕೂ ಉಚ್ಚಾರಣೆಯ ಹೊರತು ಬೇರೆ ಸಂಬಂಧವಿಲ್ಲ. ಫ್ರೆಂಚ್ ಭಾಷೆಯಲ್ಲಿ ‘ಬಚ್ಚಿಡು’ ಎಂಬರ್ಥದ ಮಾತಿನಿಂದ ಇದು ಬಂದಿದೆ. ಉತ್ತರ ಅಮೆರಿಕದ ಕಾಡುಗಳಲ್ಲಿ ಬೇಟೆಗಾರರು ಹಿಂದಿರುಗುವಾಗ ಬೇಕಾಗುವ ಆಹಾರವನ್ನು ದಾರಿಯಲ್ಲಿ ಹೂತಿಡುತ್ತಿದ್ದ ತಾವಿಗೂ ಇದೇ ಹೆಸರು. ನಮ್ಮ ಹಗೇವಿನ ನೆನಪು ಬರುವುದು ಸಹಜ. ಗಣಕಶಾಸ್ತ್ರದಲ್ಲಿ ಇಂತಹ ಸಣ್ಣ, ಚುರುಕಾದ ಗೂಡಿನ ವಿಚಾರವನ್ನು ಇಂಗ್ಲೆಂಡಿನ ಮಾರಿಸ್ ವಿಲ್ಕ್ಸ್ ಎಂಬ ವಿದ್ವಾಂಸರು ೧೯೬೫ರಲ್ಲಿ ಬರೆದು ಪ್ರಕಟಿಸಿದರು. ೧೯೬೮ರಲ್ಲಿ ಐಬಿಎಂ ಸಂಸ್ಥೆಯವರು ಘೋಷಿಸಿದ ಸಿಸ್ಟಂ ೩೬೦ರ ೮೫ನೆಯ ಮಾದರಿಯಲ್ಲಿ ಅದು ಕಾರ್ಯರೂಪಕ್ಕೆ ಬಂದಿತು. ಅಂದು ಯಂತ್ರದ ಹೊಟ್ಟೆಯೊಳಗಿನ ವೇಗಕ್ಕಾಗಿ ಹುಟ್ಟಿದ ಉಪಾಯವೇ ಇಂದು ದೂರದ ಕಡತಗಳನ್ನು ತರಿಸಿಟ್ಟುಕೊಳ್ಳುವುದಕ್ಕೂ ಬಳಕೆಯಾಗುತ್ತಿದೆ.

ಇದು ಇಷ್ಟು ಚೆನ್ನಾಗಿರುವಾಗ ನಮಗೆ ಕೈಕೊಟ್ಟುದೇಕೆ? ಇಲ್ಲಿಯೇ ಗೃಹಸ್ಥರು ಗಮನಿಸಬೇಕಾದ ಮುಖ್ಯಾಂಶವಿರುವುದು. ಗೂಡು ಚಿಕ್ಕದು. ಅದು ತುಂಬಿದಾಗ ಹೊಸದಕ್ಕೆ ಸ್ಥಳ ಮಾಡಲು ಹಳೆಯದನ್ನು ಹೊರಹಾಕಬೇಕು. ಯಾವುದನ್ನು ಹಾಕುವುದು? ಸಾಮಾನ್ಯವಾಗಿ ಇದಕ್ಕೆ ಇಟ್ಟುಕೊಂಡಿರುವ ನಿಯಮವೇನೆಂದರೆ, ಬಹುಕಾಲದಿಂದ ಯಾರೂ ಮುಟ್ಟದಿರುವುದನ್ನು ಮೊದಲು ಬಿಡತಕ್ಕದ್ದು. ನಿತ್ಯದ ವ್ಯವಹಾರಕ್ಕೆ ಇದು ಸರಿಯಾದ ನಿಯಮವೇ. ಆದರೆ ಮನೆಯ ಆಪತ್ತಿನ ಕಾಗದಗಳನ್ನು ಯೋಚಿಸಿ ನೋಡಿ. ವಿಮೆಯ ಪತ್ರವನ್ನು ನಾವು ದಿನವೂ ತೆರೆಯುವುದುಂಟೆ? ಜಮೀನಿನ ಕ್ರಯಪತ್ರವನ್ನು, ರಕ್ತದ ಗುಂಪಿನ ವರದಿಯನ್ನು, ಮಕ್ಕಳ ಜನನಪತ್ರವನ್ನು ಐದು ವರ್ಷಕ್ಕೊಮ್ಮೆ ನೋಡಿದರೆ ಹೆಚ್ಚು. ಯಂತ್ರದ ಲೆಕ್ಕದಲ್ಲಿ ಇವು ಯಾರಿಗೂ ಬೇಡವಾದ ಸಾಮಾನುಗಳು. ಹೀಗೆ ನಿನ್ನೆ ನೋಡಿದ ಹಾಸ್ಯಚಿತ್ರವು ಮನೆಯೊಳಗೆ ಭದ್ರವಾಗಿಯೂ, ಪ್ರಾಣಸಂಕಟದಲ್ಲಿ ಬೇಕಾಗುವ ಚೀಟಿಯು ಹೊರಗೂ ಇರುವ ವಿಪರೀತವು ಒದಗುತ್ತದೆ. ಮದುವೆಯ ಕೊಪ್ಪರಿಗೆಯನ್ನು ನಿತ್ಯ ಬಳಸುವುದಿಲ್ಲವೆಂದು ಮಾರಿಬಿಡುವ ಗೃಹಿಣಿಯುಂಟೆ? ಯಂತ್ರಕ್ಕೆ ಈ ವಿವೇಚನೆಯಿಲ್ಲ. ಅದನ್ನು ನಾವೇ ಕೈಯಾರೆ ಹೇಳಿಕೊಡಬೇಕು. ಹೇಳಿಕೊಡುವ ಮಾರ್ಗಗಳೂ ಉಂಟು, ಅವು ಕಷ್ಟವಲ್ಲ.

ಮೊದಲು ಗಣಕಯಂತ್ರ. ವಿಂಡೋಸ್ ಗಣಕಗಳಲ್ಲಿ ‘ಒನ್‌ಡ್ರೈವ್’ ಎಂಬ ಭಂಡಾರವನ್ನು ಬಳಸುವವರು ೨೦೧೭ರಿಂದ ಈಚೆಗೆ ಕಡತಗಳ ಪಕ್ಕದಲ್ಲಿ ಮೂರು ಬಗೆಯ ಗುರುತುಗಳನ್ನು ಕಾಣುತ್ತಿರಬಹುದು. ನೀಲಿಯ ಮೋಡದ ಗುರುತಿದ್ದರೆ ಆ ಕಡತವು ಮನೆಯಲ್ಲಿಲ್ಲ, ಹೆಸರು ಮಾತ್ರ ಇದೆ. ಬಿಳಿಯ ವೃತ್ತದಲ್ಲಿ ಹಸುರು ಗೀಟಿದ್ದರೆ ಒಮ್ಮೆ ತೆರೆದುದರಿಂದ ಈಗ ಮನೆಯಲ್ಲಿದೆ. ಆದರೆ ಸ್ಥಳ ಬೇಕಾದಾಗ ಹೊರಗೆ ಹೋಗಬಹುದು. ತುಂಬಿದ ಹಸುರು ವೃತ್ತದಲ್ಲಿ ಬಿಳಿಯ ಗೀಟಿದ್ದರೆ ಯಾವಾಗಲೂ ಮನೆಯಲ್ಲಿಯೇ ಇರತಕ್ಕದ್ದೆಂದು ನಾವು ಹೇಳಿದ್ದೇವೆಂದರ್ಥ. ಮುಖ್ಯವಾದ ಕಟ್ಟಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ, ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಎಂಬುದನ್ನು ಆರಿಸಿದರೆ ಇಲ್ಲದ ಕಡತಗಳೆಲ್ಲ ಇಳಿದುಬಂದು ಮೂರನೆಯ ಗುರುತನ್ನು ಧರಿಸುವುವು. ಇಡೀ ಕಟ್ಟಿಗೆ ಹೀಗೆ ಹೇಳಿದ ಮೇಲೆ ಅದರೊಳಗೆ ಮುಂದೆ ಸೇರುವ ಕಡತಗಳೂ ತಾವಾಗಿಯೇ ಬಂದು ಕೂಡಿಕೊಳ್ಳುವುವು. ಗೂಗಲ್ ಡ್ರೈವ್ ಬಳಸುವವರು ಗಣಕದಲ್ಲಿ ‘ಸ್ಟ್ರೀಮ್’ ಎಂಬ ಏರ್ಪಾಡಿನ ಬದಲು ‘ಮಿರರ್’ ಎಂಬುದನ್ನು ಆರಿಸಿದರೆ ತಮ್ಮ ಕಡತಗಳ ಪೂರ್ಣ ಪ್ರತಿಯು ಮನೆಯಲ್ಲಿರುವುದು. ಫೋನಿನಲ್ಲಿಯಾದರೆ ಕಡತದ ಪಕ್ಕದ ಮೂರು ಚುಕ್ಕಿಗಳನ್ನು ಮುಟ್ಟಿ, ಅಂತರ್ಜಾಲವಿಲ್ಲದಾಗಲೂ ದೊರೆಯುವಂತೆ ಮಾಡಲು ಹೇಳಬೇಕು.

ಎರಡನೆಯದು ಚಿತ್ರಗಳು. ಐಫೋನಿನಲ್ಲಿ ಚಿತ್ರಗಳನ್ನು ಐಕ್ಲೌಡಿನಲ್ಲಿಡುವವರಿಗೆ ಎರಡು ಆಯ್ಕೆಗಳುಂಟು. ‘ಆಪ್ಟಿಮೈಜ್ ಐಫೋನ್ ಸ್ಟೋರೇಜ್’ ಎಂದಿದ್ದರೆ ಸ್ಥಳ ಸಾಲದಾದಾಗ ಮೂಲಚಿತ್ರಗಳು ದೂರಕ್ಕೆ ಹೋಗಿ, ಇಲ್ಲಿ ಸಣ್ಣ ಪ್ರತಿಗಳು ಉಳಿಯುವುವು. ‘ಡೌನ್‌ಲೋಡ್ ಅಂಡ್ ಕೀಪ್ ಒರಿಜಿನಲ್ಸ್’ ಎಂದಿದ್ದರೆ ಮೂಲಗಳೇ ಇಲ್ಲಿರುವುವು. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ಫೋಟೋಸ್ ತಂತ್ರಾಂಶವು ‘ಫ್ರೀ ಅಪ್ ಸ್ಪೇಸ್’ ಎಂದು ಕೇಳಿದಾಗ ಒಪ್ಪಿದರೆ, ದೂರದ ಭಂಡಾರವನ್ನು ಸೇರಿರುವ ಚಿತ್ರಗಳ ಮೂಲಗಳು ಫೋನಿನಿಂದ ಅಳಿಯುವುವು. ಒಪ್ಪುವುದು ತಪ್ಪಲ್ಲ, ಔಷಧದ ಚೀಟಿಗಳನ್ನೂ ದಸ್ತಾವೇಜುಗಳನ್ನೂ ವಿಹಾರದ ಚಿತ್ರಗಳ ಗುಂಪಿನಲ್ಲಿಯೇ ಬಿಟ್ಟು ಒಪ್ಪುವುದು ತಪ್ಪು. ಅವುಗಳನ್ನು ಬೇರೆಯಾಗಿ ಕಡತಗಳ ಕಟ್ಟಿನಲ್ಲಿ ಸೇರಿಸಿ, ಮೇಲೆ ಹೇಳಿದಂತೆ ಖಾಯಂ ಮಾಡತಕ್ಕದ್ದು.

ಮೂರನೆಯದು ವಾಟ್ಸಾಪ್. ಪರೀಕ್ಷೆಯ ವರದಿಗಳು, ರಸೀತಿಗಳು ಈಗ ಬರುವುದೆಲ್ಲ ಈ ಮಾರ್ಗದಿಂದಲೇ. ಬಂದ ಕಡತದ ಮೇಲೆ ಕೆಳಮುಖದ ಬಾಣವು ಕಾಣಿಸುತ್ತಿದ್ದರೆ ಅದು ಇನ್ನೂ ಇಳಿದುಬಂದಿಲ್ಲವೆಂದು ತಿಳಿಯಬೇಕು. ಬಹುಕಾಲ ಹಾಗೆಯೇ ಬಿಟ್ಟರೆ ಅದು ದೊರೆಯದೆ, ಕಳುಹಿಸಿದವರನ್ನೇ ಪುನಃ ಬೇಡಬೇಕಾಗುವುದು. ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ ಎಂಬ ಕಡೆ ಚಿತ್ರ, ಧ್ವನಿ, ವಿಡಿಯೋ, ದಸ್ತಾವೇಜು ಎಂಬ ನಾಲ್ಕನ್ನೂ ಯಾವಾಗ ತಾನಾಗಿಯೇ ಇಳಿಸಿಕೊಳ್ಳಬೇಕೆಂದು ಬೇರೆ ಬೇರೆಯಾಗಿ ಗೊತ್ತುಮಾಡಬಹುದು. ವೈಫೈ ಇರುವಾಗ ಚಿತ್ರಗಳೂ ದಸ್ತಾವೇಜುಗಳೂ ಇಳಿಯಲಿ. ವಿಡಿಯೋಗಳು ನಾವು ಕೇಳಿದಾಗ ಮಾತ್ರ ಇಳಿಯಲಿ ಎಂದು ನಾವು ನಮ್ಮ ಮನೆಯಲ್ಲಿ ಏರ್ಪಡಿಸಿದ್ದೇವೆ.

ನಾಲ್ಕನೆಯದು ದಾರಿಯ ನಕ್ಷೆ. ಘಟ್ಟದ ದಾರಿಯಲ್ಲಿ ಫೋನು ಮೂಕವಾಗುವುದು ಎಲ್ಲರ ಅನುಭವ. ಹೊರಡುವುದಕ್ಕೆ ಮುಂಚೆ ಗೂಗಲ್ ಮ್ಯಾಪ್ಸ್‌ನಲ್ಲಿ ತಮ್ಮ ಚಿತ್ರವನ್ನು ಮುಟ್ಟಿ, ‘ಆಫ್‌ಲೈನ್ ಮ್ಯಾಪ್ಸ್’ ಎಂಬಲ್ಲಿ ಬೇಕಾದ ಪ್ರದೇಶವನ್ನು ಚೌಕಟ್ಟಿನೊಳಗೆ ತಂದು ಇಳಿಸಿಕೊಂಡರೆ, ಸಂಪರ್ಕವಿಲ್ಲದಾಗಲೂ ವಾಹನದ ದಾರಿಯು ತಿಳಿಯುವುದು. ಸಂಚಾರದ ಒತ್ತಡ ಮಾತ್ರ ತಿಳಿಯದು. ಮಕ್ಕಳಿರುವ ಮನೆಗೆ ಇನ್ನೊಂದು ಮಾತು. ೨೦೦೭ರಲ್ಲಿ ಆರಂಭವಾದ ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶದಿಂದ ವಿಕಿಪೀಡಿಯ ವಿಶ್ವಕೋಶವನ್ನು ಇಡಿಯಾಗಿ ಇಳಿಸಿಟ್ಟುಕೊಳ್ಳಬಹುದು. ಕನ್ನಡದ ವಿಶ್ವಕೋಶವೂ ಅದರಲ್ಲಿ ದೊರೆಯುವುದು. ಸಂಪರ್ಕವಿಲ್ಲದ ಹಳ್ಳಿಯ ಮನೆಯಲ್ಲಿ ಇದು ಒಂದು ಪುಸ್ತಕಭಂಡಾರಕ್ಕೆ ಸಮಾನ.

ಇಷ್ಟೆಲ್ಲ ಇಳಿಸಿಕೊಂಡರೆ ಫೋನು ತುಂಬಿಹೋಗದೆ ಎಂದು ಕೆಲವರು ಶಂಕಿಸಬಹುದು. ಲೆಕ್ಕ ಮಾಡಿ ನೋಡೋಣ. ಒಂದು ದಸ್ತಾವೇಜಿಗೆ ಧಾರಾಳವಾಗಿ ೨ ಮೆಗಾಬೈಟುಗಳೆಂದು ಹಿಡಿದರೂ ಮನೆಯ ೧೦೦ ಕಾಗದಗಳಿಗೆ ೨೦೦ ಮೆಗಾಬೈಟು. ಫೋನಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೋ ಸಾಧಾರಣವಾಗಿ ೬೦ರಿಂದ ೧೩೦ ಮೆಗಾಬೈಟುಗಳನ್ನು ನುಂಗುವುದು. ಅಂದರೆ ಒಂದು ಮನೆತನದ ಸಮಸ್ತ ಕಾಗದಪತ್ರಗಳೂ ಎರಡು ಮೂರು ನಿಮಿಷದ ವಿಡಿಯೋ ಹಿಡಿಯುವಷ್ಟು ಜಾಗದಲ್ಲಿ ಅಡಗುವುವು. ಜಾಗವಿಲ್ಲವೆಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಇನ್ನು ಕೆಲವು ಎಚ್ಚರಿಕೆಗಳನ್ನು ಹೇಳಬೇಕಾಗಿದೆ.

ತರಿಸಿಟ್ಟ ಪದಾರ್ಥವು ಹಳಸಬಹುದು. ಮೇಲೆ ಹೇಳಿದಂತೆ ಭಂಡಾರದೊಡನೆ ಹೊಂದಿಕೊಂಡಿರುವ ಪ್ರತಿಗಳು ಸಂಪರ್ಕ ಬಂದಾಗ ತಾವಾಗಿಯೇ ಹೊಸದಾಗುವುವು. ನಕ್ಷೆಗಳಿಗಾದರೂ ಅವಧಿಯುಂಟು, ಅದು ತೀರುವ ಮೊದಲು ನವೀಕರಿಸಬೇಕು. ಆದರೆ ಎಲ್ಲಿಂದಲೋ ಇಳಿಸಿ ಬೇರೆ ಮೂಲೆಯಲ್ಲಿಟ್ಟ ಪ್ರತಿಯು ಇಟ್ಟಂತೆಯೇ ಇರುವುದು. ವೈದ್ಯರು ಮಾತ್ರೆಯನ್ನು ಬದಲಾಯಿಸಿದ ಮೇಲೆ ಹಳೆಯ ಚೀಟಿಯು ಇಲ್ಲದಿರುವುದಕ್ಕಿಂತ ಇರುವುದೇ ಹೆಚ್ಚು ಅಪಾಯ. ಆದುದರಿಂದ ಕಡತದ ಹೆಸರಿನಲ್ಲಿಯೇ ತಾರೀಖನ್ನು ಬರೆಯುವ ಪದ್ಧತಿಯು ಒಳ್ಳೆಯದು.

ತರಿಸಿಟ್ಟುಕೊಂಡ ಪ್ರತಿಯನ್ನು ಕಾಪಿಟ್ಟ ಪ್ರತಿಯೆಂದು ಭ್ರಮಿಸಬಾರದು. ಭಂಡಾರದೊಡನೆ ಹೊಂದಿಕೊಂಡ ಕಡತವನ್ನು ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುವುದು. ಕೆಲವು ದಿನ ಕಸದ ಬುಟ್ಟಿಯಲ್ಲಿ ಉಳಿದಿರುವುದಾದರೂ ಆಮೇಲೆ ದೊರೆಯದು. ಅತ್ಯಂತ ಮುಖ್ಯವಾದವುಗಳ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿಯೂ, ಕಾಗದದಲ್ಲಿಯೂ ಇಡತಕ್ಕದ್ದು. ಹಾಗೆಯೇ ಆಂಡ್ರಾಯ್ಡ್ ಫೋನಿನಲ್ಲಿ ‘ಕ್ಲಿಯರ್ ಕ್ಯಾಷ್’ ಎಂಬುದಕ್ಕೂ ಅದರ ಹತ್ತಿರದಲ್ಲಿಯೇ ಇರುವ ‘ಕ್ಲಿಯರ್ ಡೇಟಾ’ ಅಥವಾ ‘ಕ್ಲಿಯರ್ ಸ್ಟೋರೇಜ್’ ಎಂಬುದಕ್ಕೂ ಇರುವ ಭೇದವನ್ನು ಮನೆಯವರೆಲ್ಲರೂ ಅರಿತಿರಬೇಕು. ಮೊದಲನೆಯದು ತಾತ್ಕಾಲಿಕ ಗೂಡನ್ನು ಗುಡಿಸುವುದು. ಎರಡನೆಯದು ಆ ತಂತ್ರಾಂಶವು ಫೋನಿನಲ್ಲಿಟ್ಟುಕೊಂಡುದೆಲ್ಲವನ್ನೂ ಗುಡಿಸಿ ಹಾಕುವುದು.

ಮನೆಯೊಳಗಿಟ್ಟುದು ಕಳ್ಳನಿಗೂ ದೊರೆಯಬಹುದು. ಫೋನಿಗೆ ಬೀಗದ ಸಂಖ್ಯೆಯಿಲ್ಲದೆ ದಸ್ತಾವೇಜುಗಳನ್ನು ತುಂಬಬಾರದು. ಅಂಗಡಿಯ ಗಣಕದಲ್ಲಿ ಮುದ್ರಿಸುವುದಕ್ಕಾಗಿ ತೆರೆದ ಕಡತವು ಆ ಗಣಕದಲ್ಲಿಯೂ ಇಳಿದು ಉಳಿಯುವುದೆಂಬುದನ್ನು ನೆನಪಿಟ್ಟು, ಎದ್ದು ಬರುವ ಮೊದಲು ಅದನ್ನು ಅಳಿಸಬೇಕು.

ಕಡೆಗೆ, ಇವೆಲ್ಲ ಸರಿಯಾಗಿದೆಯೆಂದು ತಿಳಿಯುವುದು ಹೇಗೆ? ನಾವು ಈಗ ಅನುಸರಿಸುತ್ತಿರುವ ಕ್ರಮವು ಬಹಳ ಸುಲಭ. ಪ್ರತಿ ಅಮಾವಾಸ್ಯೆಯ ಸಂಜೆ ಮನೆಯವರೆಲ್ಲರೂ ಫೋನುಗಳಲ್ಲಿ ‘ಏರೋಪ್ಲೇನ್ ಮೋಡ್’ ಎಂಬುದನ್ನು ಹಾಕುತ್ತೇವೆ. ಕೆಲವು ಫೋನುಗಳಲ್ಲಿ ಆಗಲೂ ವೈಫೈ ನಡೆಯುತ್ತಿರುವುದುಂಟು, ಅದನ್ನೂ ಆರಿಸುತ್ತೇವೆ. ಆ ಕತ್ತಲೆಯಲ್ಲಿ ಒಂದು ಪಟ್ಟಿಯನ್ನು ಹಿಡಿದು ಒಂದೊಂದಾಗಿ ತೆರೆಯುತ್ತೇವೆ: ಹಿರಿಯರ ಔಷಧದ ಚೀಟಿ, ರಕ್ತದ ಗುಂಪು, ವಿಮೆಯ ಪತ್ರ, ಗುರುತಿನ ಚೀಟಿಗಳು, ಮನೆಯ ಪತ್ರಗಳು, ಹತ್ತು ಮಂದಿಯ ದೂರವಾಣಿ ಸಂಖ್ಯೆಗಳು. ತೆರೆದುದು ಮನೆಯಲ್ಲಿದೆ. ಚಕ್ರ ತಿರುಗಿಸಿದುದು ಮನೆಯಲ್ಲಿಲ್ಲ. ಹೆಸರು ಕಂಡಿತು, ಚಿತ್ರ ಕಂಡಿತು ಎಂಬ ಸಮಾಧಾನಕ್ಕೆ ಅಲ್ಲಿ ಅವಕಾಶವೇ ಇಲ್ಲ. ಸಂಪರ್ಕವನ್ನು ಪುನಃ ಹಚ್ಚಿದ ಮೇಲೆ ಇಲ್ಲದವುಗಳನ್ನು ತರಿಸಿ ಖಾಯಂ ಮಾಡುತ್ತೇವೆ. ಕಾಲು ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಮೊದಲ ಅಮಾವಾಸ್ಯೆಯಂದು ನಮ್ಮ ಪಟ್ಟಿಯಲ್ಲಿದ್ದ ಹನ್ನೆರಡರಲ್ಲಿ ತೆರೆದುದು ಮೂರು ಮಾತ್ರವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ಈಗ ಹನ್ನೆರಡೂ ತೆರೆಯುತ್ತವೆ.

ಒಬ್ಬರ ಫೋನಿನಲ್ಲಿ ಮಾತ್ರ ಇದ್ದರೆ ಸಾಲದು; ಮನೆಯ ಇನ್ನೊಬ್ಬರಲ್ಲಿಯಾದರೂ ಇದೇ ಕಟ್ಟು ಇರತಕ್ಕದ್ದು. ಫೋನಿನ ಜೀವವು ವಿದ್ಯುತ್ತಿನಲ್ಲಿರುವುದರಿಂದ ಮಳೆಗಾಲದಲ್ಲಿ ಅದಕ್ಕೆ ಬೇಕಾದ ಪವರ್‌ಬ್ಯಾಂಕನ್ನು ತುಂಬಿಸಿಡುವುದೂ ಇದೇ ಕೆಲಸದ ಭಾಗ.

ಅತ್ತೆಯವರ ಹಣೆಯ ಗಾಯ ಮಾಗಿ ಈಗ ಸಣ್ಣ ಗೆರೆ ಮಾತ್ರ ಉಳಿದಿದೆ. ಅವರ ಔಷಧದ ಚೀಟಿಯು ಈಗ ನಾಲ್ಕು ಫೋನುಗಳಲ್ಲಿ ಖಾಯಂ ಆಗಿ ಕುಳಿತಿದೆ. ಅತ್ತಿಗೆಯವರು ಮಾತ್ರ ಹೊಸ ಸಂವತ್ಸರದ ಪಂಚಾಂಗ ಬಂದೊಡನೆ ಹಳೆಯದರಿಂದ ಆ ಜೆರಾಕ್ಸ್ ಹಾಳೆಯನ್ನು ತೆಗೆದು, ವೈದ್ಯರು ಈಚೆಗೆ ಬದಲಾಯಿಸಿದ ಚೀಟಿಯ ಹೊಸ ಪ್ರತಿಯನ್ನು ನಾಲ್ಕಾಗಿ ಮಡಚಿ ಹೊಸದರೊಳಗೆ ಇಟ್ಟರು. ಅದನ್ನು ಬೇಡವೆಂದು ಹೇಳುವ ಧೈರ್ಯ ನಮಗಿಲ್ಲ. ಹೇಳುವ ಅಗತ್ಯವೂ ಇಲ್ಲ. ವಾಚಕರು ಮುಂದಿನ ಅಮಾವಾಸ್ಯೆಯಂದು ತಮ್ಮ ಮನೆಯಲ್ಲಿ ಒಮ್ಮೆ ಪರೀಕ್ಷಿಸಿ ನೋಡಬೇಕೆಂದು ಕೋರಿ ಈ ತಿಂಗಳಿಗೆ ಇಲ್ಲಿಗೆ ಮುಗಿಸುತ್ತೇವೆ.